ಕ್ಲಚ್ ಒತ್ತಿದರೆ ನಿಲ್ಲುವ ಸದ್ದು

ನಾನು ದಿನಚರಿ ಬರೆಯುವವನು. ಇದನ್ನು ಹೇಳಿದ ಕೂಡಲೇ ಜನ ನನ್ನನ್ನು ಶಿಸ್ತಿನ ಮನುಷ್ಯನೆಂದು ತಿಳಿದುಕೊಳ್ಳುತ್ತಾರೆ. ನಿಜ ಬೇರೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ, ಅದಕ್ಕೇ ಬರೆದಿಡುತ್ತೇನೆ. ಬರೆದವನೂ ನಾನೇ ಆದ್ದರಿಂದ ಬರೆದದ್ದರ ಮೇಲೂ ನಂಬಿಕೆಯಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುವುದರ ದುಷ್ಪರಿಣಾಮ ಇದು. ಪ್ರತಿ ವರ್ಷ ಹೊಸ ಮಕ್ಕಳಿಗೆ, ಯಾರು ಬರೆದದ್ದು, ಯಾಕೆ ಬರೆದದ್ದು, ಬರೆಯುವಾಗ ಅವರಿಗೆ ಏನನ್ನು ಮರೆಯಬೇಕಾಗಿತ್ತು ಎಂದು ಮೊದಲು ಕೇಳಿಕೊಳ್ಳಿ ಎಂದು ಹೇಳಿ ಹೇಳಿ, ಈಗ ಕಿರಾಣಿ ಅಂಗಡಿಯ ಚೀಟಿಯನ್ನೂ ಸಂಶಯದಿಂದಲೇ ಓದುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ಶೈಲಾ, "ನಿನ್ನೆ ನೀವ ಅಂದಿದ್ರೆಲ್ರೀ" ಎಂದರೆ ನಾನು ಆಧಾರ ಕೇಳುತ್ತೇನೆ. ಅವಳು ಆಧಾರ ಕೊಡುವುದಿಲ್ಲ, ಉಪ್ಪಿಟ್ಟು ಕೊಡುತ್ತಾಳೆ. ಸಂಸಾರ ನಡೆದಿದೆ.

ಇಂಥವನಿಗೆ, ಒಂದು ಕಾರಿನ ಸದ್ದು ಯಾವತ್ತು ಶುರುವಾಯಿತು ಎಂದು ಖಚಿತವಾಗಿ ಹೇಳಬೇಕಾದ ಪ್ರಸಂಗ ಬಂತು. ದೊಡ್ಡ ಸದ್ದೇನೂ ಅಲ್ಲ. ಟಕ್, ಟಕ್, ಟಕ್. ಪಕ್ಕದ ಕೋಣೆಯಲ್ಲಿ ಯಾರೋ ಬೆರಳ ಗೆಣ್ಣಿನಿಂದ ಮೇಜನ್ನು ಬಡಿಯುತ್ತ ಏನನ್ನೋ ಯೋಚಿಸುತ್ತಿರುವಂತೆ. ಕ್ಲಚ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಈ ಕ್ಲಚ್ಚನ್ನು ನಾವು ಮನೆಯಲ್ಲೇ ಬದಲಿಸಿದ್ದೆವು. ನಾವು ಎಂದರೆ ಮಾಮಾ. ನಾನು ಬೋಲ್ಟು ತಿರುಗಿಸುವ ಪಾನಾ ಕೊಡುವವನು, ಅದೂ ಕೇಳಿದ ಅಳತೆಯದನ್ನಲ್ಲ.

ಕಾರು ನನ್ನದಲ್ಲ, ಅಕ್ಕನದು. ಸುಜಾತಕ್ಕ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಸಪ್ತಾಪುರದಲ್ಲಿ ಒಂದೇ ಕಂಪೌಂಡು. ಕೆಳಗಿನ ಮನೆಯಲ್ಲಿ ಅಕ್ಕ ಮತ್ತು ಅವಳ ಗಂಡ, ಅಂದರೆ ನಮ್ಮ ಮಾಮಾ. ಮೇಲಿನ ಮನೆಯಲ್ಲಿ ನಾನು ಮತ್ತು ಶೈಲಾ. ಅವರಿಗೆ ಮಕ್ಕಳಿಲ್ಲ. ಮಾಮಾ ಹುಬ್ಬಳ್ಳಿಯಲ್ಲಿ ಐಟಿಐ ಇನ್‌ಸ್ಟ್ರಕ್ಟರ್ ಆಗಿದ್ದವರು. ದಿನಾ ಧಾರವಾಡದಿಂದ ಬಸ್ಸಿಗೆ ಹೋಗಿ, ಹುಡುಗರಿಗೆ ಮೋಟಾರು ರಿಪೇರಿ ಕಲಿಸಿ, ಬಸ್ಸಿಗೇ ತಿರುಗಿ ಬರುತ್ತಿದ್ದರು. ಕರಿಹಲಗೆಯ ಮೇಲೆ ಅವರಷ್ಟು ಚೆಂದವಾಗಿ ಕ್ಲಚ್ ಬರೆಯುವವರು ಇಡೀ ಜಿಲ್ಲೆಯಲ್ಲಿ ಇಲ್ಲ ಎಂಬ ಮಾತಿತ್ತು. ಆ ಮಾತನ್ನು ಆಡುತ್ತಿದ್ದವರು ಅವರೇ. ಆದರೆ ಗಾಡಿ ಓಡಿಸುವುದನ್ನು ಮಾತ್ರ ಕಲಿಯಲಿಲ್ಲ. ಕೇಳಿದರೆ, "ಇಂಜಿನ್ನಿನ ಗುಣಾ ಗೊತ್ತಿದ್ದಾಂವ ಗಾಡಿ ಹೊಡ್ಯಾಕ ಹೋಗೂದಿಲ್ಲ" ಎನ್ನುತ್ತಿದ್ದರು. ಅಕ್ಕ ಬಿಡುತ್ತಿರಲಿಲ್ಲ. "ಹಂಗಾರ ಅಡಗಿ ಗೊತ್ತಿದ್ದಾಂವ ಉಣ್ಣಾಕೂ ಬರಬಾರದಲ್ರೀ" ಎಂದು ಸ್ಟೀರಿಂಗಿನ ಹಿಂದೆ ತಾನೇ ಕೂಡುತ್ತಿದ್ದಳು. ಮಾಮಾ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಗೇರಿನ ಸಿದ್ಧಾಂತ ಹೇಳುತ್ತಿದ್ದರು. ಅವಳು ಸಿದ್ಧಾಂತಕ್ಕೆ ವಿರುದ್ಧವಾಗಿ ಗೇರು ಹಾಕಿ ಹೇಳಿದ ಹೊತ್ತಿಗೆ ಹೇಳಿದ ಊರು ಮುಟ್ಟಿಸುತ್ತಿದ್ದಳು.

ಆ ಕಾರು ಮನೆಗೆ ಬಂದ ದಿನದ್ದೊಂದು ಸಂಗತಿ ಹೇಳಬೇಕು. ಶೋರೂಮಿನವರು ರೂಢಿಯಂತೆ ತಟ್ಟೆಯಲ್ಲಿ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಒಂದು ಕಾಯಿ, ಕರ್ಪೂರ ಇಟ್ಟು ಕಳಿಸಿದ್ದರು. ನಮ್ಮ ಮನೆತನ ಅಪ್ಪನ ಕಾಲಕ್ಕೇ ಬುದ್ಧನ ಕಡೆ ಬಂದದ್ದು. ಆಗ ಗೋಡೆಯ ಮೇಲಿನ ಬೇರೆ ಪಟಗಳು ಇಳಿದವು. ತೆಂಗಿನಕಾಯಿ, ನಿಂಬೆಹಣ್ಣು, ಕುಂಬಳಕಾಯಿ ಎಲ್ಲ ಅಡಿಗೆಮನೆಗೆ ಸೇರಿದವು. ತಿನ್ನುವ ವಸ್ತುವನ್ನು ತಿನ್ನಬೇಕು ಎಂಬುದೊಂದೇ ಅಪ್ಪ ನಮಗೆ ಕಲಿಸಿದ ಶಾಸ್ತ್ರ. ಮಾಮಾನ ಮನೆತನವೂ ಹಾಗೆಯೇ. ಎದುರು ಮನೆಯ ಪಾಟೀಲರು, ಬ್ಯಾಂಕಿನಿಂದ ನಿವೃತ್ತರಾದವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಗೇಟಿನ ಹತ್ತಿರ ಬಂದು, "ಬಾಯಾರ, ಗಾಲಿ ಕೆಳಗ ಹಣ್ಣ ಇಟ್ಟು ಒಂದೀಟ ಮುಂದ ತಗೋರಿ. ಹೊಸಾ ಗಾಡಿ, ದೃಷ್ಟಿ ತಾಗ್ತೈತಿ" ಎಂದರು. ಅಕ್ಕ ತಟ್ಟೆ ಎತ್ತಿಕೊಂಡು, "ಪಾಟೀಲರ, ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ" ಎಂದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಯಾಲಕ್ಕಿ ಹಾಕಿದ ಶರಬತ್ತು ಬಂತು. ನಾಲ್ಕು ಹಣ್ಣಿನದೂ. ಪಾಟೀಲರು ಮೊದಲ ಗುಟುಕನ್ನು ಔಷಧ ಕುಡಿದವರ ಮುಖ ಮಾಡಿ ಕುಡಿದರು, ಆಮೇಲೆ ಇನ್ನೊಂದು ಗ್ಲಾಸು ಕೇಳಿದರು. ಮಾಮಾ ಕುಡಿದು ಗ್ಲಾಸು ಕೆಳಗಿಟ್ಟು, "ಸಕ್ರಿ ಕಮ್ಮಿ ಆತು" ಎಂದರು. ಅವರು ಯಾವ ಶರಬತ್ತಿಗಾದರೂ ಹೇಳುವ ಮಾತು ಅದು.

ಆಮೇಲೆ ಕೆಲವು ವರ್ಷ ಕಾರು ಚೆನ್ನಾಗಿ ಓಡಿತು. ಆಮೇಲೆ ಅಕ್ಕನಿಗೆ ಕಾಯಿಲೆ ಬಂತು.

ಸತ್ತೂರಿನ ಆಸ್ಪತ್ರೆಗೆ ಹೋಗಿ ಬರುವುದು ಶುರುವಾದಾಗ ಸ್ಟೀರಿಂಗು ನನ್ನ ಕೈಗೆ ಬಂತು. ನನಗೊಂದು ಕೆಟ್ಟ ಚಟ. ಬೇಕಿರಲಿ ಬಿಡಲಿ, ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟೇ ಇರುತ್ತೇನೆ. ಅಕ್ಕ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಕೊಂಡೇ ಅದನ್ನು ಪತ್ತೆ ಹಚ್ಚುತ್ತಿದ್ದಳು. "ತಮ್ಮಾ, ಕ್ಲಚ್ಚಿನ ಮ್ಯಾಲಿನ ಕಾಲ ತಗಿ. ಅದೇನ ಅಪ್ಪ ನಿನಗ ಹಾಕಿಸಿಕೊಟ್ಟ ಮಣೀ ಏನು?" ನಾನು ತೆಗೆಯುತ್ತಿದ್ದೆ, ಮುಂದಿನ ತಿರುವಿನಲ್ಲಿ ಕಾಲು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಕೊನೆಕೊನೆಗೆ ಅವಳು ಬೈಯುವುದನ್ನು ಬಿಟ್ಟಳು. ಅಥವಾ ಬೈದಳೋ ಏನೋ, ದನಿ ಮುಂದಿನ ಸೀಟಿನವರೆಗೆ ಬರಲಿಲ್ಲವೋ. ಇದನ್ನು ನಾನು ಖಚಿತವಾಗಿ ಹೇಳಲಾರೆ. ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡ ಒಂದು ಸಂಜೆ ನಾನು ಮತ್ತು ಮಾಮಾ ಇಬ್ಬರೇ ಮನೆಗೆ ಬರುತ್ತಿದ್ದೆವು. ದಾರಿಯಲ್ಲಿ ಮಾಮಾ, "ಅಲ್ಲೋ, ಆ ದಿವ್ಸ ಲಿಂಬಿಹಣ್ಣ ಅಷ್ಟೂ ಹಿಂಡಬಾರದಿತ್ತೇನು? ಒಂದರ ಇಡಬೇಕಿತ್ತು" ಎಂದರು. ಇದು ಚೇಷ್ಟೆ ಎಂದೇ ತಿಳಿದು ನಾನು, "ಹಂಗ ಮಾಡಿದ್ರ ಶರಬತ್ತ ಪಾಟೀಲರಿಗೆ ಸಾಲತಿರಲಿಲ್ಲ, ಮಾಮಾ" ಎಂದೆ. ಅವರೂ ನಕ್ಕರು. ನಕ್ಕರು ಎಂದು ನನ್ನ ನೆನಪು. ಕತ್ತಲಾಗಿತ್ತು, ನಾನು ರಸ್ತೆ ನೋಡುತ್ತಿದ್ದೆ.

ಹೋದ ಮಳೆಗಾಲದ ಕೊನೆಗೆ ಅಕ್ಕ ತೀರಿಕೊಂಡಳು.

ಬೇರೆ ಮನೆಗಳಲ್ಲಿ ಹೆಂಡತಿ ಸತ್ತ ಗಂಡಸಿಗೆ ಎಷ್ಟೋ ದಿನ ಕೈತುಂಬ ಕೆಲಸವಿರುತ್ತದೆ. ಇಂಥ ದಿನ ಇದು ತಾ, ಇಂಥ ಹೊತ್ತಿಗೆ ಮೀಯು, ಇಂಥವರಿಗೆ ಅದು ಕೊಡು ಎಂದು ಹಿರಿಯರು ಹೇಳುತ್ತಿರುತ್ತಾರೆ. ನಾವು ಬುದ್ಧವಂದನೆ ಹೇಳಿ, ಮೇಣದಬತ್ತಿ ಹಚ್ಚಿ, ಬಂದವರಿಗೆ ಊಟ ಬಡಿಸಿ ಮುಗಿಸಿದೆವು. ಅಕ್ಕ ಹಾಗೇ ಆಗಲಿ ಅಂದಿದ್ದಳು, ಸರಿಯಾಗಿಯೇ ಅಂದಿದ್ದಳು. ಆದರೆ ಮರುದಿನ ಬೆಳಗ್ಗೆ ಮಾಮಾನ ಕೈಗೆ ಮಾಡಲು ಏನೂ ಇರಲಿಲ್ಲ. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕಾರಿನ ಕಡೆ ಮುಖ ಮಾಡಿ ಕೂತರು. ಅಲ್ಲೇ ಕೂತು ಚಳಿಗಾಲ ಕಳೆದರು. ಚಹಾ ಕೊಟ್ಟರೆ ಕುಡಿಯುವುದು, ಊಟಕ್ಕೆ ಕರೆದರೆ ಮೇಲೆ ಬಂದು ಒಂದು ರೊಟ್ಟಿ ಮುರಿದು ತಟ್ಟೆಯಲ್ಲಿ ಬಿಡುವುದು. "ಹಿಂಗ ಕುಂತ್ರ ಮನಷ್ಯಾ ಉಳೀತಾನೇನ್ರೀ?" ಎಂದು ಶೈಲಾ ನನ್ನನ್ನು ಕೇಳುತ್ತಿದ್ದಳು. ನನಗೆ ಸಾಮ್ರಾಜ್ಯಗಳು ಯಾಕೆ ಉಳಿಯಲಿಲ್ಲ ಎಂಬುದು ಗೊತ್ತಿತ್ತು. ಒಬ್ಬ ಮಾಮಾನನ್ನು ಕುರ್ಚಿಯಿಂದ ಎಬ್ಬಿಸುವುದು ಗೊತ್ತಿರಲಿಲ್ಲ.

ಎಬ್ಬಿಸಿದ್ದು ಕ್ಲಚ್ಚು. ಒಂದು ದಿನ ಕಾಲೇಜಿನ ಏರಿನಲ್ಲಿ ಗಾಡಿ ಮುಂದೆ ಹೋಗಲೊಲ್ಲದು. ಮನೆಗೆ ಹೇಗೋ ತಂದು, ಸುಮ್ಮನೆ ಮಾತಿಗೆಂದು, "ಮಾಮಾ, ಇಂಜಿನ್ ಬರೇ ಕೂಗತೈತಿ, ಗಾಡಿ ಏರ ಹತ್ತವಲ್ದು. ಸುಟ್ಟ ವಾಸನಿ ಬ್ಯಾರೆ" ಎಂದೆ. ಮಾಮಾ ತಲೆಯೆತ್ತಿದರು. "ಕ್ಲಚ್ ಪ್ಲೇಟ್ ಹೋಗೇತಿ. ಹೋಗದ ಏನ ಮಾಡ್ತೈತಿ, ಸತ್ತೂರಿನ ತನಕಾ ಅದರ ಮ್ಯಾಲ ಕಾಲಿಟ್ಟ ಕುಂತಿದ್ದಿ. ನಾ ಹಾಕ್ತೇನಿ." ಗ್ಯಾರೇಜಿನವರು ಮಾಡುತ್ತಾರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಮೂವತ್ತ ವರ್ಷ ಇದನ್ನ ಕಲಿಸೇನೋ!" ಎಂದು ಎದ್ದು ನಿಂತರು. ಮೇಲಿನಿಂದ ಶೈಲಾ ಸಣ್ಣ ದನಿಯಲ್ಲಿ, "ಹಲಗೀ ಮ್ಯಾಲ" ಎಂದಳು. ಎದ್ದು ನಿಂತರಲ್ಲ, ಅಷ್ಟು ಸಾಕಾಗಿತ್ತು ನಮಗೆ. ಕಾರು ಹಾಳಾದರೂ ಹಾಳಾಗಲಿ ಎಂದು ಇಬ್ಬರೂ ಕಣ್ಣಿನಲ್ಲೇ ಒಪ್ಪಿಕೊಂಡೆವು.

ಆ ದಿನಗಳು ಚೆನ್ನಾಗಿದ್ದವು. ಮಾಮಾ ಸೀಮೆಸುಣ್ಣ ತರಿಸಿ ಕಂಪೌಂಡಿನ ಗೋಡೆಯ ಮೇಲೆ ಆಳೆತ್ತರದ ಕ್ಲಚ್ ಬರೆದರು. ಖರೇ, ಬಹಳ ಚೆಂದ ಬರೆದರು. ಹಾಲಿನವರು, ಪೇಪರಿನವರು, ಓಣಿಯ ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳು ನಿಂತು ನೋಡಿ ಹೋದರು. ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಗೇರ್‌ಬಾಕ್ಸನ್ನು ಹಳೆಯ ಕೌದಿಯ ಮೇಲೆ ಎಳೆಗೂಸನ್ನು ಇಳಿಸಿದಂತೆ ಇಳಿಸಿದೆವು. ಬೋಲ್ಟುಗಳನ್ನು ಶೈಲಾಳ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿದ್ದರಿಂದ ಒಂದು ವಾರ ಇಡ್ಲಿ ಇರಲಿಲ್ಲ. ಮಾಮಾ ಕಾರಿನ ಕೆಳಗೆ ಮಲಗಿ, "ಪ್ರೊಫೆಸರ್, ಹದಿನಾಲ್ಕರ ಪಾನಾ!" ಎಂದು ಕೂಗುತ್ತಿದ್ದರು, ನಾನು ಹನ್ನೆರಡರದ್ದು ಕೊಡುತ್ತಿದ್ದೆ, "ನಿನಗ ಡಿಗ್ರಿ ಕೊಟ್ಟಾಂವ ಯಾವನೋ!" ಎಂಬ ದನಿ ಗಾಲಿಗಳ ನಡುವಿನಿಂದ ಬರುತ್ತಿತ್ತು. ಆ ಬೈಗುಳ ಕೇಳಿ ಶೈಲಾ ಒಲೆಯ ಮುಂದೆ ಕಣ್ಣು ಒರೆಸಿಕೊಂಡಳಂತೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಎಲ್ಲ ಕೂಡಿಸಿದ ಸಂಜೆ, ಕೊನೆಯ ಹಂತದಲ್ಲಿ, ಮಾಮಾ ನನ್ನನ್ನು ಮೇಲೆ ಕಳಿಸಿದರು. "ಇನ್ನ ಕೇಬಲ್ ಹಚ್ಚೂದೊಂದ ಉಳದೈತಿ. ನೀ ಹೋಗಿ ಛಾ ಕುಡಿ. ನಿನ್ನ ನೆರಳ ಬಿದ್ರ ನನಗ ಕಾಣೂದಿಲ್ಲ." ನಾನು ಹೋದೆ. ಅವರು ಕೆಳಗಿನಿಂದ ಕೂಗಿದಾಗ ಬಂದು ಚಾವಿ ತಿರುಗಿಸಿದೆ. ಕಾರು ಬೆಣ್ಣೆಯಂತೆ ಹೊರಟಿತು. ವಿಶ್ವವಿದ್ಯಾಲಯದ ಕಡೆ ಒಂದು ಸುತ್ತು ಹೊಡೆದು ಬಂದೆವು. ಆ ರಾತ್ರಿ ಮಾಮಾ ರೊಟ್ಟಿಯನ್ನು ಮುರಿದು ಬಿಡದೆ ತಿಂದರು, ಇನ್ನೊಂದನ್ನು ಹಾಕಿಸಿಕೊಂಡರು. ನನ್ನ ದಿನಚರಿಯಲ್ಲಿ ಆ ದಿನ, "ಕ್ಲಚ್ ಕೂಡಿತು. ಸದ್ದಿಲ್ಲ" ಎಂದಿದೆ. ಸದ್ದಿಲ್ಲ ಎಂದರೆ ಕಾರಿನಲ್ಲೋ, ಮನೆಯಲ್ಲೋ, ಬರೆದವನೇ ಹೇಳಲಾರ.

ಕೆಲವು ದಿನಗಳ ಮೇಲೆ ಟಕ್ ಟಕ್ ಬಂತು. ಮೊದಲು ಸಣ್ಣಗೆ, ದಿನ ಕಳೆದಂತೆ ಗಟ್ಟಿಯಾಗಿ. ಮೊದಲ ದಿನದಿಂದಲೇ ಇತ್ತು, ನಾವು ಸಂಭ್ರಮದಲ್ಲಿ ಕೇಳಿಸಿಕೊಳ್ಳಲಿಲ್ಲ ಎಂದು ನಾನು. "ಇಲ್ಲ, ಮೊದಲ ಇರಲಿಲ್ಲ" ಎಂದು ಮಾಮಾ. ಮೊದಲಿನಿಂದ ಇದ್ದರೆ ತಪ್ಪು ಜೋಡಣೆಯದು, ಅಂದರೆ ಮಾಮಾನದು. ಆಮೇಲೆ ಬಂದಿದ್ದರೆ ಬೇರೆ ಏನೋ. ನಾನು ವರ್ಷವರ್ಷವೂ ಮಕ್ಕಳಿಗೆ, ಅದರ ಹಿಂದೆ ಇದು ಬಂತು ಎಂದ ಮಾತ್ರಕ್ಕೆ ಅದರಿಂದಲೇ ಇದು ಬಂತು ಎನ್ನಬೇಡಿ ಎಂದು ಕಲಿಸುತ್ತೇನೆ. ಆ ಪಾಠ ಮನೆಯ ಕಾರಿನ ಕ್ಲಚ್ಚಿನ ಮುಂದೆ ನಿಲ್ಲಲಿಲ್ಲ. ಕ್ಲಚ್ ಬದಲಿಸಿದೆವು, ಸದ್ದು ಬಂತು, ಮತ್ತಿನ್ನೇನು ಬೇಕು!

ಪರೀಕ್ಷೆ ಶುರುವಾಯಿತು. ನಾನು ಮೇಲೆ ಸೀಟಿನಲ್ಲಿ, ಮಾಮಾ ಕೆಳಗೆ. ನಾನು ಬಗ್ಗುತ್ತೇನೆ ಎಂದರೆ ಬಿಡುತ್ತಿರಲಿಲ್ಲ. "ನಿನ್ನ ಹೊಟ್ಟಿ ಹಿಡಿಯೂದಿಲ್ಲ ಇಲ್ಲೆ. ಮ್ಯಾಲ ಕುಂತು ಪೆಡಲ್ ಒತ್ತು."

"ಒತ್ತು!"

"ಒತ್ತೇನ್ರಿ ಮಾಮಾ."

"ನಿಂತತಿ. ಬಿಡು!"

"ಬಿಟ್ಟೆ."

"ಬಂತು."

ಆಮೇಲೆ ಒಂದು ನಿಟ್ಟುಸಿರು, ಆಮೇಲೆ ಪಾಠ. "ರಿಲೀಸ್ ಬೇರಿಂಗ್ ಆಗಿದ್ರ ಒತ್ತಿದಾಗ ಕೂಗಬೇಕಿತ್ತು. ಇದು ಬಿಟ್ಟಾಗ ಕೂಗತೈತಿ. ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಇರಬೇಕು." ಪಾಠ ಸರಿಯಾಗಿಯೇ ಇತ್ತು. ಹೇಳುವ ದನಿ ಮಾತ್ರ ಮೂವತ್ತು ವರ್ಷ ಕಲಿಸಿದವರದ್ದಾಗಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬೇರೆ ಏನೋ ಬರೆಯುವವರ ದನಿಯಾಗಿತ್ತು. ಇದು ನನಗೆ ಈಗ ಅನ್ನಿಸುವುದು. ಆಗ ಅನ್ನಿಸಿತ್ತು ಎಂದರೆ ನಂಬಬೇಡಿ. ಆಗ ಕಂಡದ್ದು ಒಂದೇ: ಪ್ರತಿ ಪರೀಕ್ಷೆ ಮುಗಿದ ಮೇಲೂ ಮಾಮಾ ಕೈ ತೊಳೆದುಕೊಂಡು ಹೋಗಿ ಅದೇ ಬೆತ್ತದ ಕುರ್ಚಿಯಲ್ಲಿ ಕೂಡುತ್ತಿದ್ದರು, ಮತ್ತು ಪ್ರತಿ ಸಲವೂ ಅಲ್ಲಿಂದ ಏಳುವುದು ಇನ್ನಷ್ಟು ತಡವಾಗುತ್ತಿತ್ತು. ರೊಟ್ಟಿ ಮತ್ತೆ ತಟ್ಟೆಯಲ್ಲಿ ಉಳಿಯತೊಡಗಿತು.

ಪಾಟೀಲರು ಗೇಟಿನ ಮೇಲೆ ಕೈಯಿಟ್ಟು ಒಂದು ದಿನ, "ಸರ್, ಒಳಗ ಪಾನಾ ಬಿಟ್ಟ ಮುಚ್ಚೀರೇನು ನೋಡ್ರಿ. ಹೊಟ್ಯಾಗ ಕತ್ರಿ ಬಿಟ್ಟ ಹೊಲದಂಗ" ಎಂದರು. ಮಾಮಾ ಎದ್ದು ಹೋಗಿ ಪಾನಾದ ಪೆಟ್ಟಿಗೆ ತಂದು ಅವರ ಮುಂದೆ ತೆರೆದಿಟ್ಟರು. ಒಂದೂ ಕಡಿಮೆಯಿರಲಿಲ್ಲ. ಪಾಟೀಲರು ಪೆಚ್ಚಾಗಿ, "ನಾ ಚಾಷ್ಟಿಗೆ ಅಂದೆ ಬಿಡ್ರಿ" ಎಂದು ಹೋದರು. ಆ ಪೆಟ್ಟಿಗೆಯನ್ನು ಮತ್ತೆ ಒಳಗೆ ಒಯ್ಯುವಾಗ ಮಾಮಾನ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಈ ಸದ್ದಿನ ಕಾರಣ ಸಿಗಬೇಕು, ಆದರೆ ಅದು ಮಾಮಾನ ತಪ್ಪಾಗಿರಬಾರದು. ನನಗೆ ಬೇಕಾಗಿದ್ದುದು ಇಷ್ಟೇ. ಸತ್ಯಶೋಧನೆಗೆ ಇಂಥ ಷರತ್ತು ಹಾಕಬಾರದು ಎಂದು ಕಲಿಸುವವನೂ ನಾನೇ.

ಕಾಲೇಜಿನ ಕೆಲಸ ಎಂದು ಸುಳ್ಳು ಹೇಳಿ ಕಾರನ್ನು ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮಾಲೀಕ ಚಹಾದ ಲೋಟ ಕೆಳಗಿಡದೆ, ನಿಂತಲ್ಲಿಂದಲೇ ಕಿವಿಗೊಟ್ಟು, "ಗೇರ್‌ಬಾಕ್ಸ್ ಬೇರಿಂಗ್ರಿ ಸರ್. ಇಳಸಬೇಕು. ಕ್ಲಚ್ ಯಾರ ಹಾಕಿದ್ರು?" ಎಂದು ಕೇಳಿದ. ಮನೆಯಲ್ಲೇ ಹಾಕಿದೆವು ಎಂದೆ. "ಮನ್ಯಾಗ?" ಎಂದು ಅವನು ಒಳಗಿದ್ದವರನ್ನೆಲ್ಲ ಕರೆದು, "ಬರ್ರಿಲ್ಲೆ, ಮನ್ಯಾಗ ಹಾಕಿದ ಕ್ಲಚ್ ಕೇಳ್ರಿ" ಎಂದು ತೋರಿಸಿದ. ಎಲ್ಲರೂ ಬಂದು ಕೇಳಿದರು. ಇಳಿಸಿದರೆ ಮಾಮಾ ಮಾಡಿದ ಕೆಲಸವನ್ನೆಲ್ಲ ಬಿಚ್ಚಿ ಇದೇ ಜನ ನೋಡಿ ನಗುತ್ತಾರೆ ಎನಿಸಿತು. ನಾಳೆ ಬರುತ್ತೇನೆ ಎಂದು ಹೇಳಿ ಹೊರಟವನು ದಾರಿಯುದ್ದಕ್ಕೂ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಬಂದೆ. ಸದ್ದು ಕೇಳದಿರಲು ನನಗೆ ಗೊತ್ತಿದ್ದ ಉಪಾಯ ಅದೊಂದೇ.

ಮುಂದಿನ ರವಿವಾರ ಎಂದುಕೊಳ್ಳಿ, ಅಂತೂ ಕಾಲೇಜಿಗೆ ರಜೆಯಿದ್ದ ಒಂದು ದಿನ, ಮಾಮಾ ಹಳೆಯ ಸಹೋದ್ಯೋಗಿಯ ಮೊಮ್ಮಗಳ ನಾಮಕರಣಕ್ಕೆ ಹುಬ್ಬಳ್ಳಿಗೆ ಹೋದರು. ಅವರು ಗೇಟು ದಾಟಿದ್ದೇ ಶೈಲಾ, "ನೀವ್ಯಾಕ ಒಮ್ಮೆರ ಕೆಳಗ ಹಣಿಕಿ ಹಾಕಿ ನೋಡಿಲ್ಲ?" ಎಂದಳು. ಹೊಟ್ಟೆಯ ಸಮಸ್ಯೆ ವಿವರಿಸಿದೆ. ಅವಳು ಕಸಬರಿಗೆಯ ಕೋಲಿಗೆ ನನ್ನ ಮೊಬೈಲನ್ನು ದಾರದಿಂದ ಕಟ್ಟಿ, ಬೆಳಕು ಹಚ್ಚಿ, ವಿಡಿಯೋ ಹಾಕಿ ನನ್ನ ಕೈಗೆ ಕೊಟ್ಟು, ತಾನು ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿದಳು, ಬಿಟ್ಟಳು, ಒತ್ತಿದಳು, ಬಿಟ್ಟಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ನೋಡಿದೆವು.

ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಕ್ಲಚ್ ಕೇಬಲ್ ಎಳೆಯುವ ಒಂದು ಕಬ್ಬಿಣದ ಸನ್ನೆಕೋಲು ಇರುತ್ತದೆ. ಅದಕ್ಕೊಂದು ತಂತಿ ಕಟ್ಟಿತ್ತು. ತಂತಿಯಲ್ಲಿ ನಾಲ್ಕಾರು ಒಣಮೆಣಸಿನಕಾಯಿ, ಇದ್ದಿಲಿನ ಒಂದು ತುಂಡು, ನಡುವೆ ಒಂದು ನಿಂಬೆಹಣ್ಣು. ಅಂಗಡಿ ಬಾಗಿಲಿಗೆ, ಲಾರಿಯ ಮುಂದೆ ಕಟ್ಟುತ್ತಾರಲ್ಲ, ಅದೇ ಸರ. ಇಂಜಿನ್ನಿನ ಕಾವಿಗೆ ಹಣ್ಣು ಒಣಗಿ ಕರ್ರಗೆ, ಗೋಟಡಿಕೆಯಂತೆ ಗಟ್ಟಿಯಾಗಿತ್ತು. ಶೈಲಾ ಪೆಡಲ್ ಬಿಟ್ಟಾಗ ಅದು ಇಳಿದು ಇಂಜಿನ್ನಿನ ನಡುಕಕ್ಕೆ ಕೆಳಗಿನ ತಗಡಿಗೆ ಬಡಿಯುತ್ತಿತ್ತು, ಟಕ್ ಟಕ್ ಟಕ್. ಒತ್ತಿದಾಗ ಸನ್ನೆಯೊಂದಿಗೆ ಮೇಲೆದ್ದು ಸುಮ್ಮನಾಗುತ್ತಿತ್ತು.

"ಯಾರರ ಮಾಟಾ ಮಾಡ್ಸ್ಯಾರೇನ್ರೀ?" ಎಂದಳು ಶೈಲಾ. ನಾನು ಚಿತ್ರವನ್ನು ದೊಡ್ಡದು ಮಾಡಿದೆ. ತಂತಿಯ ತುದಿಯನ್ನು ಇಕ್ಕಳದಿಂದ ಕತ್ತರಿಸಿ, ಯಾರ ಕೈಗೂ ಚುಚ್ಚದಂತೆ ಒಳಗೆ ಮಡಚಿತ್ತು. ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ತಂತಿಯ ತುದಿಯನ್ನೂ, ಗೇಟಿನ ತಂತಿಯ ತುದಿಯನ್ನೂ ಹಾಗೆ ಮಡಚಿದವರು ಒಬ್ಬರೇ. ವಿಡಿಯೋ ಮುಗಿದು ತಾನಾಗಿ ಮತ್ತೆ ಶುರುವಾಯಿತು.

ಅಂದರೆ ಮಾಮಾ ಆ ಸಂಜೆ ನನ್ನನ್ನು ಚಹಾಕ್ಕೆ ಕಳಿಸಿ ಕಟ್ಟಿದ್ದು ಇದನ್ನು. ಅಂದು ಹಿಂಡಿ ಕುಡಿದ ನಾಲ್ಕು ಹಣ್ಣುಗಳ ಲೆಕ್ಕ ಸತ್ತೂರಿನ ದಾರಿಯಿಂದಲೂ ಅವರ ತಲೆಯಲ್ಲಿತ್ತು. ಅದರ ಹಿಂದೆ ಇದು ಬಂತು, ಆದ್ದರಿಂದ ಅದರಿಂದಲೇ ಬಂತು. ಶರಬತ್ತು ಕುಡಿದೆವು, ಅವಳು ಹೋದಳು. ಒಂದು ಹಣ್ಣು ಕಟ್ಟಿದ್ದರೆ? ನಂಬಿಕೆಯೇ ಇಲ್ಲದ ಮನುಷ್ಯ ಇದನ್ನು ಯಾರಿಗೆ ಹೇಳಬೇಕು? ಮತ್ತೆ, ಸದ್ದು ಬಂದ ಮೇಲೆ ದಿನದಿನವೂ ಕೆಳಗೆ ಮಲಗಿ, ಮೂಗಿನ ಮುಂದೆಯೇ ಅದು ಬಡಿಯುವುದನ್ನು ನೋಡುತ್ತ, "ಬೇರಿಂಗ್ ಇರಬೇಕು" ಎಂದಿದ್ದರು. ಹೇಳಲು ನಾಚಿಕೆ, ಬಿಚ್ಚಲು ಹೆದರಿಕೆ. ಮೂವತ್ತು ವರ್ಷದ ಪಾಠವನ್ನು ಒಂದು ಒಣ ನಿಂಬೆಹಣ್ಣಿಗೋಸ್ಕರ ತಪ್ಪಾಗಲು ಬಿಟ್ಟಿದ್ದರು.

"ಆದ್ರ ಇದನ್ನ ಹಿಂಗ ಒಣಗಾಕ ಬಿಡೂದಿಲ್ರೀ. ಅಮಾಸಿಗೊಮ್ಮೆ ಹಳೇದ ತಗದು ಹೊಸಾದ ಕಟ್ತಾರ. ಪಾಟೀಲರ ಸ್ಕೂಟರ್‌ದು ನೋಡ್ತೇನಲ್ಲ" ಎಂದಳು ಶೈಲಾ. ನನಗೂ ಗೊತ್ತಿರಲಿಲ್ಲ. ಊರಿನಲ್ಲಿ ಆಟೋದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಮ್ಮೆ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವ ತಪ್ಪನ್ನು ಎರಡು ತಲೆಮಾರು ನಿಂಬೆಹಣ್ಣನ್ನು ಬರೀ ಹಿಂಡಿ ಕುಡಿದ ಮನೆತನ ಮಾತ್ರ ಮಾಡಬಲ್ಲದು. ಮೂಢನಂಬಿಕೆಗೂ ಅನುಭವ ಬೇಕು.

ಬಿಚ್ಚಿ ಒಗೆದರಾಯಿತು ಎಂಬುದು ನನ್ನ ಮೊದಲ ವಿಚಾರ. ನಾನು ಈ ವಿಷಯದ ಮೇಲೆ ಕಾಲೇಜುಗಳಲ್ಲಿ ಭಾಷಣ ಮಾಡಿದವನು. ಚಪ್ಪಾಳೆಯೂ ಬಿದ್ದಿದೆ. ಆದರೆ ಆ ಭಾಷಣದಲ್ಲಿ ಬೆತ್ತದ ಕುರ್ಚಿಯ ಪ್ರಸ್ತಾಪ ಇರಲಿಲ್ಲ. ಎದ್ದು ಮಾರುಕಟ್ಟೆಗೆ ಹೋದೆ. ಸರ ಮಾರುವ ಹೆಂಗಸು, "ಹೊಸಾ ಗಾಡಿ ಏನ್ರೀ ಸರ್?" ಎಂದಳು. "ಅಲ್ಲವ್ವಾ, ಹಳೇದು." "ಹಳೇದಕ್ಕ ಹೆಚ್ಚ ಬೇಕ್ರಿ" ಎಂದು ಒಂದು ದಪ್ಪನೆಯ ಹಣ್ಣಿನದನ್ನು ಆರಿಸಿಕೊಟ್ಟಳು. ಅದನ್ನು ಹಿಡಿದು ತಿರುಗುವಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಿಗೆ. "ನಮಸ್ಕಾರ್ರಿ ಸರ್" ಎಂದವಳ ಕಣ್ಣು ನನ್ನ ಕೈಯ ಮೇಲೆ. "ಶರಬತ್ತಿಗೆ" ಎಂದೆ. ತಂತಿಗೆ ಪೋಣಿಸಿದ ಮೆಣಸಿನಕಾಯಿ ಮತ್ತು ಇದ್ದಿಲಿನ ಸಮೇತ. ಆ ಮಾತಿಗೆ ಬಲ ಬರಲೆಂದು ಬಿಡಿ ಹಣ್ಣುಗಳನ್ನೂ ಕೊಂಡುಕೊಂಡೆ. ಮನೆಗೆ ಬಂದು, ಹೊಟ್ಟೆಯನ್ನು ಹೇಗೋ ಒಳಗೆಳೆದು ಕಾರಿನ ಕೆಳಗೆ ಸೇರಿ, ಹಳೆಯದನ್ನು ಬಿಚ್ಚಿ ಹೊಸದನ್ನು ಅಲ್ಲೇ ಕಟ್ಟಿದೆ. ತಂತಿಯ ತುದಿಯನ್ನು ಒಳಗೆ ಮಡಚಿದೆ. ಶೈಲಾ ಕಾಲು ಹಿಡಿದು ಹೊರಗೆಳೆದಳು. ಹಸಿ ಹಣ್ಣು ತಗಡಿಗೆ ತಾಗಿದರೂ ಸದ್ದು ಮಾಡಲಿಲ್ಲ.

ಸಂಜೆ ಮಾಮಾನನ್ನು ಬಸ್ ನಿಲ್ದಾಣದಿಂದ ಕರೆತರಲು ಕಾರು ಒಯ್ದೆ. ಅವರು ಕೂತರು. ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವರ ತಲೆ ಒಂದು ಕಡೆ ವಾಲಿತು, ಕಿವಿ ಗೇರಿನ ಕಡೆ.

"ಏನ ಮಾಡಿದಿ?"

"ಒಂದ ನಟ್ ಸಡ್ಲಾಗಿತ್ರಿ, ಮಾಮಾ. ಬಿಗಿ ಮಾಡಿದೆ."

"ಯಾವದು?"

"ಕೆಳಗಿಂದು. ನಿಮ್ಮ ಕೆಲಸದಾಗ ಏನೂ ತಪ್ಪಿರಲಿಲ್ಲ."

ಮಾಮಾ ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡುತ್ತಲೇ ಕೇಳಿದರು: "ಬಿಗಿ ಅಷ್ಟ ಮಾಡಿದಿ? ತಗದಿಲ್ಲಲ್ಲ?"

"ಇಲ್ರಿ. ಅಲ್ಲೇ ಐತಿ."

ಅವರು ತಲೆಯಾಡಿಸಿದರು. ಮನೆ ಬಂದಾಗ ಕುರ್ಚಿಯ ಕಡೆ ಹೋಗದೆ ನೇರವಾಗಿ ಮೇಲೆ ಬಂದು ಕೂತರು. ಶೈಲಾ ಆ ಬಿಡಿ ಹಣ್ಣುಗಳನ್ನು ಹಿಂಡಿ, ಯಾಲಕ್ಕಿ ಹಾಕಿ ಶರಬತ್ತು ಮಾಡಿದ್ದಳು. ಮಾಮಾ ಗ್ಲಾಸನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದರು. ಆಮೇಲೆ ಪೂರ್ತಿ ಕುಡಿದು, ಕೆಳಗಿಟ್ಟು, "ಸಕ್ರಿ ಕಮ್ಮಿ ಆತು" ಎಂದರು. ಹೇಳುತ್ತಿದ್ದ ಹಾಗೆ ದನಿ ಒಡೆಯಿತು. ಅಕ್ಕ ಹೋದ ಮೇಲೆ ಅವರು ನಮ್ಮ ಮುಂದೆ ಅತ್ತದ್ದು ಅಂದೇ ಮೊದಲು. ಶೈಲಾ ಸಕ್ಕರೆ ಡಬ್ಬಿ ತಂದು ಅವರ ಹತ್ತಿರ ಇಟ್ಟಳು, ಬೇರೆ ಏನೂ ಮಾಡಲು ತೋಚದೆ.

ಈಗ ಅಮಾವಾಸ್ಯೆ ಬಂತೆಂದರೆ, ಮಾಮಾ ವಾಕಿಂಗಿಗೆ ಹೋದ ಹೊತ್ತು ನೋಡಿ ನಾನು ಕಾರಿನ ಕೆಳಗೆ ಹೋಗುತ್ತೇನೆ. ಇತಿಹಾಸದ ಪ್ರಾಧ್ಯಾಪಕನ ಎರಡು ಕಾಲುಗಳು ಮಾತ್ರ ಹೊರಗಿರುತ್ತವೆ. ಪಾಟೀಲರು ಗೇಟಿನಿಂದ, "ಏನ್ ರಿಪೇರಿ ನಡದೈತ್ರಿ?" ಎಂದರೆ, "ಸರ್ವಿಸ್ರಿ" ಎನ್ನುತ್ತೇನೆ. ಇದು ಮಾಮಾನಿಗೋಸ್ಕರ, ನನಗಲ್ಲ, ಎಂದು ಶೈಲಾಗೆ ಹೇಳಿದ್ದೇನೆ. ಅವಳು ಈ ಸಲ ಆಧಾರ ಕೇಳಿದಳು. ತಂತಿ ಕಟ್ಟಿ ಹೊರಗೆ ಬಂದ ಮೇಲೆ ನನ್ನ ಬೆರಳು ಕಣ್ಣಿಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ ಎನ್ನುತ್ತಾಳೆ. ಮೆಣಸಿನಕಾಯಿ ಮುಟ್ಟಿದ ಬೆರಳನ್ನು ಯಾರಾದರೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆಯೇ ಎಂದು ವಾದಿಸಿದೆ. ಆ ದಿನ ಕಣ್ಣು ಉರಿದದ್ದಂತೂ ನಿಜ. ಯಾಕೆ ಎಂಬುದು ನೆನಪಿಲ್ಲ. ದಿನಚರಿಯಲ್ಲೂ "ಸದ್ದಿಲ್ಲ" ಎಂದಷ್ಟೇ ಇದೆ.

ಕಾರು ಚೆನ್ನಾಗಿದೆ. ಮಾಮಾ ಪಕ್ಕದಲ್ಲಿ ಕೂತು ಗೇರಿನ ಸಿದ್ಧಾಂತ ಹೇಳತೊಡಗಿದ್ದಾರೆ. ಮೊನ್ನೆ ನನ್ನ ಎಡಗಾಲನ್ನು ನೋಡಿ, "ಹಿಂಗ ಇಟ್ಟ ಕುಂತ್ರ ಈ ಪ್ಲೇಟೂ ಹೋಗ್ತೈತಿ. ಹೋಗ್ಲಿ, ಹಾಕೋಣು ಮತ್ತ" ಎಂದರು. ತೆಗೆಯೋ ಎಂದು ಅವರು ಬೈಯಲಿಲ್ಲ. ನಾನೂ ತೆಗೆಯಲಿಲ್ಲ, ಆ ಬೈಗುಳ ಹಿಂದಿನ ಸೀಟಿನಿಂದ ಬರಬೇಕಾದದ್ದು.